ಅತ್ತಿಗೆಯ ಅನುಕೂಲಕ್ಕಾಗಿ ಒಂದು ಬಸ್ಸು

ರಾತ್ರಿ ಹನ್ನೆರಡು ದಾಟಿದ ಮೇಲೆ ನಡುಮನೆಯಿಂದ ಕರ್, ಕರ್ ಎಂದು ಸಣ್ಣ ಸದ್ದು ಬಂತು. ಇಲಿಯಿರಬೇಕೆಂದು ಪೊರಕೆ ಹಿಡಿದು ಎದ್ದೆ. ನನಗೆ ಇಲಿಯೆಂದರೆ ಹೆದರಿಕೆ. ಇಲಿ ಇದೆಯೋ ಇಲ್ಲವೋ ಎಂದು ತಿಳಿಯದೆ ಮಲಗುವುದೆಂದರೆ ಇನ್ನೂ ಹೆದರಿಕೆ. ಹೋಗಿ ನೋಡಿದರೆ ಇಲಿಯಲ್ಲ, ನನ್ನ ಅಣ್ಣ. ನೆಲದ ಮೇಲೆ ಕುಳಿತು ಪೆನ್ಸಿಲ್ ಹೆರೆಯುತ್ತಿದ್ದ. ಮೊದಲಾಗಿದ್ದರೆ ಇಷ್ಟು ಸಣ್ಣ ಸದ್ದು ನನ್ನ ಕೋಣೆಯವರೆಗೆ ಬರುತ್ತಿರಲಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಅದನ್ನು ನುಂಗಿಬಿಡುತ್ತಿತ್ತು. ಈಗ ಗೋಡೆಯ ಮೇಲೆ ಗಡಿಯಾರವಿಲ್ಲ, ಅದರ ಮೊಳೆ ಮಾತ್ರ ಇದೆ. ಗಡಿಯಾರವನ್ನು ಅತ್ತಿಗೆ ತವರಿಗೆ ಹೋಗುವಾಗ ಬಟ್ಟೆಗಳ ನಡುವೆ ಸುತ್ತಿಕೊಂಡು ಹೋಗಿದ್ದರು.

"ಏನಣ್ಣ ಇದು, ಇಷ್ಟು ಹೊತ್ತಿನಲ್ಲಿ?"

"ಸುಳ್ಳು ಕಣೆ, ಶುದ್ಧ ಸುಳ್ಳು! ಮೂರನೇ ಪುಟ, ಏಳನೇ ಪ್ಯಾರಾ. ನೀನೇ ಓದು."

ಅತ್ತಿಗೆ ಮೇಲಿನ ನ್ಯಾಯಾಲಯಕ್ಕೆ ಹಾಕಿದ್ದ ಅರ್ಜಿಯ ಪ್ರತಿ ಅದು. ಮೊದಲ ಆರು ಪ್ಯಾರಾಗಳಲ್ಲಿ ಅಣ್ಣನಿಗೆ ಹೃದಯವಿಲ್ಲವೆಂದೂ, ಆರು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಹೆಂಡತಿಯ ಮುಖ ನೋಡಿ ನಗಲಿಲ್ಲವೆಂದೂ, ಆತನ ಜೊತೆ ಬಾಳುವುದು ಬಸ್ ನಿಲ್ದಾಣದಲ್ಲಿ ಬಾಳಿದಂತೆಂದೂ ಬರೆದಿತ್ತು. ಅವುಗಳ ಪಕ್ಕದಲ್ಲಿ ಅಣ್ಣ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಏಳನೆಯದರ ಕೆಳಗೆ ಮಾತ್ರ ಮೂರು ಗೆರೆಗಳಿದ್ದವು. 'ಅರ್ಜಿದಾರಳ ಊರಿನಿಂದ ಎದುರುದಾರರ ಊರಿಗೆ ನೇರ ಬಸ್ಸಿಲ್ಲ. ನಡುವೆ ಕೈಮರದ ಬಳಿ ಇಳಿದು ಇನ್ನೊಂದು ಬಸ್ಸಿಗಾಗಿ ಎರಡೂವರೆ ಗಂಟೆ ಕಲ್ಲುಬೆಂಚಿನ ಮೇಲೆ ಕಾಯಬೇಕು. ಆದ್ದರಿಂದ ಪ್ರಕರಣವನ್ನು ಅರ್ಜಿದಾರಳ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ವರ್ಗಾಯಿಸಬೇಕು.'

"ಎರಡೂವರೆ ಗಂಟೆಯಂತೆ! ಎರಡು ಗಂಟೆ ಇಪ್ಪತ್ತು ನಿಮಿಷ ಅದು. ಮಿಕ್ಕ ಹತ್ತು ನಿಮಿಷ ಎಲ್ಲಿಂದ ತಂದಳು?" ಎಂದು ಅಣ್ಣ ಪೆನ್ಸಿಲ್ ಮೊನೆಯನ್ನು ದೀಪಕ್ಕೆ ಹಿಡಿದು ನೋಡಿದ.

ಅಣ್ಣನ ಪರಿಚಯವನ್ನು ಇಲ್ಲಿಯೇ ಮಾಡಿಬಿಡುವುದು ಒಳ್ಳೆಯದು. ಹತ್ತೊಂಬತ್ತು ವರ್ಷಗಳಿಂದ ಅವನು ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಗುಮಾಸ್ತ. ಡಿಪೋದವರು ಎದುರಿಗೆ 'ಸಾರ್' ಎನ್ನುತ್ತಾರೆ, ಬೆನ್ನ ಹಿಂದೆ 'ಟೈಮಪ್ಪ' ಎನ್ನುತ್ತಾರೆ. ನೂರಾ ಹನ್ನೆರಡು ಬಸ್ಸುಗಳಲ್ಲಿ ಯಾವುದು ಯಾವಾಗ ಎಲ್ಲಿರುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಹೆಂಡತಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಎದುರಿಗೆ ಕೂರಿಸಿ ಕೇಳಿದರೂ ಹೇಳಲಾರ.

ಮದುವೆಯಾದ ಹೊಸದರಲ್ಲಿಯೇ ಅವನು ಮನೆಗೂ ಒಂದು ವೇಳಾಪಟ್ಟಿ ಬರೆದು ಗಡಿಯಾರದ ಕೆಳಗೆ ಅಂಟಿಸಿದ. ಸ್ನಾನ, ಊಟ, ಬಟ್ಟೆ ಒಗೆಯುವುದು ಎಲ್ಲಕ್ಕೂ ಹೊತ್ತು ಗೊತ್ತುಮಾಡಿ, ಕೊನೆಯಲ್ಲಿ 'ಮಾತುಕತೆ: ೮.೪೦ ರಿಂದ ೮.೫೫' ಎಂದು ಬರೆದಿದ್ದ. ಅತ್ತಿಗೆ ಐದು ವರ್ಷ ಹನ್ನೊಂದು ತಿಂಗಳು ಆ ಹದಿನೈದು ನಿಮಿಷಗಳಲ್ಲಿ ಮಾತಾಡಿದರು. ಒಂದು ರಾತ್ರಿ ಒಂಬತ್ತೂ ಹತ್ತಕ್ಕೆ ಬಂದು, "ರೀ, ನಿಮ್ಮ ಹತ್ತಿರ ಒಂದು ಮಾತಾಡಬೇಕು" ಎಂದರು. ಅಣ್ಣ ಗಡಿಯಾರ ನೋಡಿದ. "ಮಾತುಕತೆ ಮುಗೀತಲ್ಲ. ನಾಳೆ ಮೊದಲನೇ ವಿಷಯ ನಿಂದೇ ಇಟ್ಕೊಳ್ಳೋಣ" ಎಂದ. ಪ್ರೀತಿಯಿಂದಲೇ ಹೇಳಿದ, ಅದಕ್ಕೆ ನಾನು ಸಾಕ್ಷಿ. ಬೆಳಿಗ್ಗೆ ಅತ್ತಿಗೆ ಸ್ಟೂಲು ಹತ್ತಿ ಗಡಿಯಾರ ಇಳಿಸಿಕೊಂಡರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಜಗಳವೇ ಆಗಿರಲಿಲ್ಲ. ಆದ್ದರಿಂದ ಉಂಡು ಮಲಗಿದರೂ ಮುಗಿಯಲಿಲ್ಲ.

ಆಮೇಲೆ ನಮ್ಮ ಸೋದರಮಾವ ಬುದ್ಧಿ ಹೇಳಲು ಬಂದರು. ಕೆಟ್ಟದ್ದೆಲ್ಲ ಅಲ್ಲಿಂದ ಶುರುವಾಯಿತು.

"ವಿಚ್ಛೇದನದ ಕೇಸು ಹಾಕು. ಹೆದರಿಕೊಂಡು ಓಡಿ ಬರ್ತಾಳೆ. ನನ್ನ ಸ್ನೇಹಿತನ ಮಗನಿಗೂ ಹಾಗೇ ಮಾಡಿಸಿದ್ದು ನಾನು."

"ಅವನ ಹೆಂಡತಿ ಬಂದಳಾ ಮಾವ?" ಎಂದು ಕೇಳಿದೆ.

"ಬರಲಿಲ್ಲ. ಆದರೆ ಚೆನ್ನಾಗಿ ಹೆದರಿದಳು."

ಅಣ್ಣನಿಗೆ ವಿಚ್ಛೇದನ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಹೆಂಡತಿ. ಆದರೆ ಹೋಗಿ 'ಬಾ' ಎಂದು ಕರೆಯುವುದಕ್ಕೆ ಅವನ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಕೇಸು ಹಾಕುವುದಕ್ಕೆ ಶನಿವಾರ ಅರ್ಧ ದಿನ ಸಿಕ್ಕಿತು.

ಕಾಗದ ತಲುಪಿದ ಮೇಲೆ ಅತ್ತಿಗೆ ಹೆದರಲೂ ಇಲ್ಲ, ಓಡಿ ಬರಲೂ ಇಲ್ಲ. ಕೇಸನ್ನೇ ತಮ್ಮ ಊರಿಗೆ ವರ್ಗಾಯಿಸಿ ಎಂದು ಅರ್ಜಿ ಹಾಕಿದರು. ಅದರ ಏಳನೇ ಪ್ಯಾರಾ ಅಣ್ಣನ ನಿದ್ದೆ ಕೆಡಿಸಿತ್ತು.

ಮರುದಿನ ವಕೀಲರ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದ. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಬರೆದ ಮಾತಿನ ಅರ್ಥ ನನಗೆ ಗೊತ್ತಾಗುತ್ತದೆಂದು ಅವನ ನಂಬಿಕೆ.

"ಒಪ್ಪಿಕೊಂಡುಬಿಡಿ ಸ್ವಾಮಿ," ಎಂದರು ವಕೀಲರು, ಮೇಜಿನ ಮೇಲಿನ ಕಟ್ಟುಗಳ ಸಂದಿಯಿಂದ. "ಹೆಂಡತಿ ಅನುಕೂಲ ಕೇಳಿದರೆ ಕೋರ್ಟು ಇಲ್ಲ ಅನ್ನಲ್ಲ. ತಿಂಗಳಿಗೊಂದು ಸಲ ನೀವೇ ಹೋಗಿ ಬನ್ನಿ."

"ನನ್ನ ಒಪ್ಪಿಗೆ ಇದೆ ಸಾರ್. ಏಳನೇ ಪ್ಯಾರಾ ಒಂದು ತೆಗೆಸಿಬಿಡಿ."

"ಅದನ್ನ ತೆಗೆದರೆ ಅರ್ಜೀನೇ ಇಲ್ಲವಲ್ಲ! ಮಿಕ್ಕಿದ್ದೆಲ್ಲ ಬರೀ ನಿಮ್ಮನ್ನ ಬೈದಿರೋದು."

"ಬೈದಿರೋದು ಇರಲಿ ಸಾರ್. ಸತ್ಯವಿರಬಹುದು. ಆದರೆ ಬಸ್ಸಿಲ್ಲ ಅಂದರೆ ಡಿಪೋದ ಮಾನದ ಪ್ರಶ್ನೆ."

ನಾನು ನಡುವೆ ಬಾಯಿ ಹಾಕಿದೆ. "ಅಣ್ಣ, ಕೇಸು ಅಲ್ಲಿಗೆ ಹೋಗಲಿ. ನೀನು ತಿಂಗಳಿಗೊಮ್ಮೆ ಅವರ ಊರಿಗೆ ಹೋದ ಹಾಗೂ ಆಗುತ್ತೆ. ಹೋದಾಗ ಮನೆಗೂ ಹೋಗಬಹುದು."

"ಹೇಗೆ ಹೋಗಲಿ?" ಎಂದ ಅಣ್ಣ, ಗಾಬರಿಯಿಂದ. "ನೇರ ಬಸ್ಸೇ ಇಲ್ಲವಲ್ಲ!"

ವಕೀಲರು ಕನ್ನಡಕ ತೆಗೆದು ಅವನನ್ನು ನೋಡಿದರು. ಆದರೆ ಆ ಮಾತು ಆಡಿದ ಕ್ಷಣವೇ ಅಣ್ಣನ ಮುಖ ಬದಲಾಗಿತ್ತು. ನೂರಾ ಹನ್ನೆರಡು ಬಸ್ಸುಗಳಲ್ಲಿ ಒಂದು, ಅವನ ತಲೆಯೊಳಗೆ, ಆಗಲೇ ಹೊರಟುಬಿಟ್ಟಿತ್ತು.

ಹನ್ನೊಂದು ರಾತ್ರಿ ಪೆನ್ಸಿಲ್ ಸದ್ದು ಕೇಳಿಸಿತು. ಹನ್ನೆರಡನೆಯ ದಿನ ಅವನು ಡಿಪೋ ಮ್ಯಾನೇಜರ ಮೇಜಿನ ಮೇಲೆ ಒಂದು ಹಾಳೆ ಹರಡಿದ. ಸಂಜೆ ಐದೂವರೆಗೆ ಇಲ್ಲಿಂದ ಹೊರಟು ರಾತ್ರಿ ಒಂಬತ್ತೂ ನಲವತ್ತಕ್ಕೆ ಅತ್ತಿಗೆಯ ಊರು. ರಾತ್ರಿ ಅಲ್ಲಿಯೇ ತಂಗಿ, ಬೆಳಿಗ್ಗೆ ಐದೂ ನಲವತ್ತೈದಕ್ಕೆ ಹೊರಟು ಒಂಬತ್ತೂ ಐವತ್ತೈದಕ್ಕೆ ಇಲ್ಲಿ. ನ್ಯಾಯಾಲಯ ತೆರೆಯುವುದು ಹತ್ತೂವರೆಗೆ.

"ಈ ದಾರೀಲಿ ಜನ ಎಲ್ಲಿದ್ದಾರೆ ರೀ?" ಎಂದು ಮ್ಯಾನೇಜರು ಕೇಳಿದರಂತೆ.

"ಒಬ್ಬರು ಖಂಡಿತ ಇದ್ದಾರೆ ಸಾರ್."

ಮ್ಯಾನೇಜರಿಗೂ ಮೇಲಿನಿಂದ 'ಹೊಸ ಮಾರ್ಗ ಹುಡುಕಿ' ಎಂದು ವರ್ಷದಿಂದ ಕಾಗದದ ಮೇಲೆ ಕಾಗದ ಬರುತ್ತಿತ್ತು. ಅವರು ಸಹಿ ಹಾಕಿದರು. ಹೀಗೆ, ಹೆಂಡತಿಗೆ ಒಂದು ಪೋಸ್ಟ್‌ಕಾರ್ಡ್ ಬರೆಯಲಾರದ ಮನುಷ್ಯ ಐವತ್ತೆರಡು ಸೀಟಿನ ಬಸ್ಸನ್ನೇ ಕಳಿಸಿದ.

ಮೇಲಿನ ನ್ಯಾಯಾಲಯದಲ್ಲಿ ವರ್ಗಾವಣೆ ಅರ್ಜಿ ವಿಚಾರಣೆಗೆ ಬಂದ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸುರುಳಿ ಸುತ್ತಿದ ವೇಳಾಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

"ಹೆಂಡತಿಯ ಅನುಕೂಲಕ್ಕೆ ಗಂಡ ಒಪ್ಪಲ್ಲವಂತಾ?" ಎಂದು ನ್ಯಾಯಾಧೀಶರು ಕೇಳಿದರು.

ನಮ್ಮ ವಕೀಲರು ಎದ್ದು, ತಾವೇ ನಂಬದವರ ಧ್ವನಿಯಲ್ಲಿ, "ಅನುಕೂಲ ಮಾಡಿಕೊಟ್ಟಿದ್ದಾರೆ ಸ್ವಾಮಿ. ಬಸ್ಸು ಹಾಕಿಸಿದ್ದಾರೆ" ಎಂದರು.

"ಟಿಕೆಟ್ ತೆಗೆಸಿಕೊಟ್ಟಿದ್ದಾರಾ?"

"ಇಲ್ಲ ಸ್ವಾಮಿ. ಬಸ್ಸನ್ನೇ."

ನ್ಯಾಯಾಲಯದಲ್ಲಿ ನಗು ಎದ್ದಿತು. ನ್ಯಾಯಾಧೀಶರು ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿಸಿ, ಬೆರಳಿಟ್ಟು ಊರಿಂದೂರಿಗೆ ಓದಿದರು. ತಮ್ಮ ವೃತ್ತಿಯಲ್ಲಿ ಇಂಥ ತಕರಾರು ನೋಡಿಲ್ಲವೆಂದರು. ಅತ್ತಿಗೆಯ ಅರ್ಜಿಗೆ ಆಧಾರವಾಗಿದ್ದ ಏಳನೇ ಪ್ಯಾರಾವೇ ಬಿದ್ದುಹೋಗಿದ್ದರಿಂದ ಅರ್ಜಿ ವಜಾ ಆಯಿತು. ಕೇಸು ನಮ್ಮ ಊರಿನಲ್ಲಿಯೇ ಉಳಿಯಿತು.

ಹೆಂಡತಿಯ ಅನುಕೂಲಕ್ಕಾಗಿ ಅಷ್ಟೆಲ್ಲ ಶ್ರಮಪಟ್ಟ ನನ್ನ ಅಣ್ಣ, ಅವರು ಕೇಳಿದ ಒಂದೇ ಒಂದು ಅನುಕೂಲವನ್ನು ತಪ್ಪಿಸಿ ಗೆದ್ದುಬಂದ. ಡಿಪೋದಲ್ಲಿ ಸಿಹಿ ಹಂಚಿದರು. ಸೋದರಮಾವ, "ನೋಡಿದೆಯಾ, ಎಲ್ಲಾ ನನ್ನ ಸಲಹೆ" ಎಂದರು. ನಾನು ಆ ಸಿಹಿಯನ್ನು ಕಿಟಕಿಯಿಂದಾಚೆ ಇಟ್ಟೆ. ಇರುವೆಗಳು ಕೂಡ ಯೋಚನೆ ಮಾಡಿ ಮುತ್ತಿದವು.

ಬಸ್ಸು ಮಾತ್ರ ತುಂಬಿ ಓಡತೊಡಗಿತು. ಕೈಮರದ ಕಲ್ಲುಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತು ಬೇಸತ್ತವರೆಲ್ಲ ಅದಕ್ಕೆ ಹತ್ತಿದರು. ಆಸ್ಪತ್ರೆಗೆ ಬರುವವರು, ಬಟ್ಟೆ ವ್ಯಾಪಾರಿಗಳು, ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಿಯರು. ಬಸ್ಸಿಗೊಂದು ನಂಬರಿತ್ತು, ಆದರೆ ಜನ 'ಡೈವೋರ್ಸ್ ಬಸ್ಸು' ಎಂದೇ ಕರೆದರು.

ಮೇಲಿನ ಮನೆಯಾಕೆ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು, "ನಿಮ್ಮಣ್ಣನ ಸಂಸಾರ ಮುರಿದಿದ್ದು ಎಷ್ಟು ಒಳ್ಳೆಯದಾಯಿತು ನೋಡು!" ಎಂದರು. "ನನ್ನ ತಂಗಿ ಆ ಕಡೆಯವಳು. ಈಗ ವಾರವಾರ ಬಂದು ಹೋಗ್ತಾಳೆ. ಕೇಸು ಇನ್ನೂ ಎಷ್ಟು ದಿನ ನಡೆಯುತ್ತಮ್ಮಾ?"

"ಗೊತ್ತಿಲ್ಲ."

"ನಿಧಾನವಾಗಿ ನಡೀಲಿ ಬಿಡು. ಆತುರ ಪಡಬೇಡಿ."

ವಾಯಿದೆಯ ದಿನ ಅತ್ತಿಗೆ ಆ ಬಸ್ಸಿನಲ್ಲಿಯೇ ಬರುತ್ತಿದ್ದರು. ಕೈಯಲ್ಲೊಂದು ಸಣ್ಣ ಚೀಲ, ಅಷ್ಟೇ. ಮೂರನೇ ಸೀಟು, ಕಿಟಕಿ ಪಕ್ಕ. ಬೆಳಗಿನ ಬಿಸಿಲು ಆ ಬದಿಗೆ ಬೀಳುವುದಿಲ್ಲ. ಅಣ್ಣ ಲೆಕ್ಕ ಹಾಕಿಯೇ ಅದನ್ನು ಕಾದಿರಿಸುತ್ತಿದ್ದ. ಹಿಂದಿನ ಸಂಜೆ ಬಸ್ಸು ಹೊರಡುವ ಮುಂಚೆ ತಾನೇ ಒಳಗೆ ಹೋಗಿ ಆ ಒಂದು ಕಿಟಕಿಯ ಗಾಜನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು ಕಾಯುತ್ತಿದ್ದ. ಬಸ್ಸು ಬರುತ್ತಿತ್ತು, ಅತ್ತಿಗೆ ಇಳಿಯುತ್ತಿದ್ದರು, ಅಣ್ಣ ಕೈಗಡಿಯಾರ ನೋಡಿ ತಲೆಯಾಡಿಸುತ್ತಿದ್ದ. ಡ್ರೈವರಿಗೆ.

"ಅಣ್ಣ, ಒಂದು ಮಾತಾದರೂ ಆಡಬಾರದಾ ಅವರ ಜೊತೆ?" ಎಂದು ನಾನು ಅಂಗಲಾಚಿದೆ.

"ಆಡಿದೆನಲ್ಲ ಇವತ್ತು."

"ಏನಂದೆ?"

"ಎರಡು ನಿಮಿಷ ಮುಂಚೆ ಬಂತು ಅಂದೆ."

ನ್ಯಾಯಾಲಯದ ಸಮಾಲೋಚಕಿ ತಾಳ್ಮೆಯ ಹೆಂಗಸು. ಇಬ್ಬರನ್ನೂ ಹಸಿರು ಬಣ್ಣದ ಕೋಣೆಯಲ್ಲಿ ಎದುರುಬದುರು ಕೂರಿಸಿ, "ನಿಮ್ಮ ಮನಸ್ಸಿನಲ್ಲಿ ಇರೋದನ್ನ ಇವರಿಗೆ ನೇರವಾಗಿ ಹೇಳಿ" ಎಂದರು. ಅಣ್ಣ ಬಹಳ ಹೊತ್ತು ಯೋಚಿಸಿ, "ಸೀಟು ಅನುಕೂಲವಾಗಿದೆಯಾ ಕೇಳಿ" ಎಂದ. ಅತ್ತಿಗೆ, "ಆಗಿದೆ ಅಂತ ಹೇಳಿ" ಎಂದರು. ನಾಲ್ಕು ತಿಂಗಳ ಸಮಾಲೋಚನೆಯ ನಂತರ ಆಕೆ ವರದಿ ಬರೆದರು: ಬಸ್ಸಿನ ವಿಷಯದಲ್ಲಿ ಮಾತ್ರ ಉಭಯರಲ್ಲಿ ಒಮ್ಮತವಿದೆ.

ನ್ಯಾಯಾಧೀಶೆ ಮುಂದಿನ ವಾಯಿದೆಯನ್ನೇ ಕೊನೆಯದೆಂದು ಗೊತ್ತುಮಾಡಿದರು. ಆ ದಿನ ಒಂದೋ ಇಬ್ಬರೂ ಕೂಡಿ ಮನೆಗೆ ಹೋಗಬೇಕು, ಇಲ್ಲವೇ ಇಬ್ಬರೂ ಕೂಡಿ ವಿಚ್ಛೇದನದ ಜಂಟಿ ಪತ್ರಕ್ಕೆ ಸಹಿ ಹಾಕಬೇಕು. ಪತ್ರ ಟೈಪಾಗಿ ಸಿದ್ಧವಾಯಿತು.

ಆ ದಿನ ನಾನು ಲೈಬ್ರರಿಗೆ ರಜೆ ಹಾಕಿ ಹತ್ತು ಗಂಟೆಗೇ ನ್ಯಾಯಾಲಯದ ಮೊಗಸಾಲೆಯಲ್ಲಿ ನಿಂತಿದ್ದೆ. ಅತ್ತಿಗೆ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಎಂದಿನ ಚೀಲವೂ ಕೈಯಲ್ಲಿರಲಿಲ್ಲ. ನನ್ನನ್ನು ಕಂಬದ ಮರೆಗೆ ಎಳೆದರು.

"ಒಂದು ಕೇಳ್ತೀನಿ, ನಿಜ ಹೇಳು. ಆ ಕಿಟಕಿ ಗಾಜು ಒಂದೇ ಯಾವಾಗಲೂ ಹೊಳೀತಾ ಇರುತ್ತಲ್ಲ, ಯಾರು ಒರೆಸೋದು?"

"ಅಣ್ಣ."

ಅವರು ಮೆಟ್ಟಿಲ ಕಡೆಗೊಮ್ಮೆ ನೋಡಿದರು. ಆಮೇಲೆ, "ದೊಡ್ಡ ಪೆಟ್ಟಿಗೆ ತಂದಿದ್ದೀನಿ ಕಣೆ" ಎಂದರು. "ಬಟ್ಟೆ ಎಲ್ಲ ಅದರಲ್ಲಿದೆ. ಗಡಿಯಾರಾನೂ. ಗೋಡೆ ಮೇಲೆ ಮೊಳೆ ಇನ್ನೂ ಇದೆಯಾ?"

"ಇದೆ ಅತ್ತಿಗೆ! ಹಾಗೇ ಇದೆ! ತಡೀರಿ, ಅಣ್ಣನಿಗೆ ಹೇಳಿ..."

"ಬೇಡ. ನೀನು ಏನೂ ಹೇಳಕೂಡದು," ಎಂದು ನನ್ನ ಕೈ ಹಿಡಿದುಕೊಂಡರು. "ಆರು ವರ್ಷ ನೀನೇ ನಮ್ಮಿಬ್ಬರ ನಡುವೆ ಹೇಳಿದ್ದೀಯ. ಇವತ್ತು ಅವರೇ ಕೇಳಲಿ. ಪೆಟ್ಟಿಗೆ ಅವರ ಕಣ್ಣೆದುರೇ ಇಳಿಸಿದೆ. 'ಇದನ್ನ ಏನು ಮಾಡ್ತೀರ?' ಅಂದೆ. 'ನನಗೆ ಬಿಡು, ನಾನು ನೋಡ್ಕೋತೀನಿ' ಅಂದರು. ನಗ್ತಾ ಇದ್ದರು ಕಣೆ."

ಅಣ್ಣ ನಕ್ಕನೆಂದು ಕೇಳಿ ನನಗೂ ನಗು ಬಂತು. ನಾನು ಸದಾ ಕೆಟ್ಟದ್ದನ್ನೇ ಎಣಿಸುವವಳು. ಅಂದು ಒಂದು ಗಂಟೆಯ ಮಟ್ಟಿಗೆ ಎಣಿಸುವುದನ್ನು ನಿಲ್ಲಿಸಿದೆ. ನಾನು ಮಾಡಿದ ತಪ್ಪು ಅದೊಂದೇ.

ಹನ್ನೊಂದಕ್ಕೆ ಅಣ್ಣ ಬಂದ. ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಮುಖದಲ್ಲಿ ಇಷ್ಟು ವರ್ಷಗಳಲ್ಲಿ ನಾನು ಕಾಣದ ಕಳೆ. ಸರಿ, ಪೆಟ್ಟಿಗೆಯನ್ನು ಮನೆಗೆ ಸಾಗಿಸಿ ಬಂದಿದ್ದಾನೆ ಎಂದುಕೊಂಡೆ. ಕೇಳಿಬಿಡಬಹುದಿತ್ತು. ಅಷ್ಟರಲ್ಲಿ ಹೆಸರು ಕೂಗಿದರು.

ನ್ಯಾಯಾಧೀಶೆ ಇಬ್ಬರನ್ನೂ ಹತ್ತಿರ ಕರೆದರು. "ಯೋಚನೆ ಮಾಡಿದಿರಾ?" ಎಂದು ಅತ್ತಿಗೆಯನ್ನು ಕೇಳಿದರು.

"ಅವರನ್ನ ಮೊದಲು ಕೇಳಿ ಮೇಡಂ," ಎಂದರು ಅತ್ತಿಗೆ. ಅವರ ಕೆನ್ನೆ ಕೆಂಪಾಗಿತ್ತು. "ಅವರು ಹೇಳಿದ ಹಾಗೆ ಆಗಲಿ."

"ಏನಪ್ಪ, ನೀವು ಹೇಳಿ. ಹೆಂಡತಿ ವಿಷಯದಲ್ಲಿ ಏನು ತೀರ್ಮಾನ ಮಾಡಿದ್ದೀರಿ?"

ಅಣ್ಣ ಗಂಟಲು ಸರಿಮಾಡಿಕೊಂಡ. ಅವನು ಇಷ್ಟು ದೊಡ್ಡದಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಎಲ್ಲಾ ವ್ಯವಸ್ಥೆ ಆಗಿದೆ ಮೇಡಂ. ಇವತ್ತು ಅವಳು ಭಾರದ ಪೆಟ್ಟಿಗೆ ತಂದಿದ್ದಾಳೆ. ಎಲ್ಲಿಂದ ಬಂತೋ, ಎಲ್ಲಿಗೆ ಹೊತ್ತುಕೊಂಡು ತಿರುಗಬೇಕಿತ್ತೋ, ಗೊತ್ತಿಲ್ಲ. ದಿನವೆಲ್ಲ ಅದರ ಚಿಂತೆ ಯಾಕೆ ಅಂತ ಇಳಿಸಿದ ತಕ್ಷಣವೇ ಮತ್ತೆ ಅದೇ ಬಸ್ಸಿನ ಡಿಕ್ಕಿಗೆ ಏರಿಸಿಬಿಟ್ಟಿದ್ದೀನಿ. ನಾನೇ, ಈ ಕೈಯಾರೆ. ಅವಳ ಊರಿನ ಚೀಟಿ ಕಟ್ಟಿದ್ದೀನಿ. ಸಂಜೆ ಐದೂವರೆಗೆ ಮೂರನೇ ಸೀಟು, ಕಿಟಕಿ ಪಕ್ಕ. ಅವಳು ಸುಮ್ಮನೆ ಹೋಗಿ ಕೂತರೆ ಸಾಕು."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ಬೆಂಚ್ ಕ್ಲಾರ್ಕು ಟೈಪ್ ಮಾಡುವುದನ್ನು ನಿಲ್ಲಿಸಿದ.

ನಾನು ಹಿಂದಿನ ಬೆಂಚಿನಿಂದ ಎದ್ದು, "ಅಣ್ಣಾ, ಪೆಟ್ಟಿಗೆ..." ಎಂದೆ.

"ಸದ್ದು!" ಎಂದ ಬಾಗಿಲ ಬಳಿಯ ಪೇದೆ.

ಅತ್ತಿಗೆ ತಿರುಗಿ ನನ್ನನ್ನು ನೋಡಿದರು. ಬೇಡ ಎಂಬಂತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ಪಾಲಿಸಬಾರದಿತ್ತು. ಆದರೆ ನಾನು ಪೇದೆಗೂ ಹೆದರುವವಳು. ಕುಳಿತುಬಿಟ್ಟೆ.

"ಸಹಿ ಎಲ್ಲಿ ಹಾಕಬೇಕು?" ಎಂದು ಅತ್ತಿಗೆ ಕ್ಲಾರ್ಕನ್ನು ಕೇಳಿದರು.

ಅವರು ಸಹಿ ಹಾಕಿದರು. ಹೆಂಡತಿ ಸಹಿ ಹಾಕಿದ್ದನ್ನು ನೋಡಿದ ಮೇಲೆ ಅಣ್ಣನ ಮುಖದ ಕಳೆ ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿತು. ಅವನು ಅತ್ತಿಗೆಯನ್ನು ನೋಡಿದ, ಪತ್ರವನ್ನು ನೋಡಿದ, ಕೊನೆಗೆ ಕೈಗಡಿಯಾರ ನೋಡಿದ. ಕ್ಲಾರ್ಕು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತಾನೂ ಸಹಿ ಹಾಕಿದ. ಕೆಳಗೆ ತಾರೀಖಿನ ಜೊತೆ, ಯಾರೂ ಕೇಳದಿದ್ದರೂ, ಹನ್ನೊಂದೂ ಇಪ್ಪತ್ತಾರು ಎಂದು ಬರೆದ.

ಸಂಜೆ ನಿಲ್ದಾಣಕ್ಕೆ ನಾನೂ ಹೋದೆ. ಅತ್ತಿಗೆ ಮೂರನೇ ಸೀಟಿನಲ್ಲಿ ಕುಳಿತಿದ್ದರು. ಗಾಜು ಎಷ್ಟು ಶುಭ್ರವಾಗಿತ್ತೆಂದರೆ ನಡುವೆ ಗಾಜಿದೆಯೆಂದೇ ತೋರುತ್ತಿರಲಿಲ್ಲ. ಅಣ್ಣ ಡಿಕ್ಕಿಯ ಬಾಗಿಲು ಭದ್ರವಾಗಿದೆಯೇ ಎಂದು ನೋಡಲು ಬಗ್ಗಿದ. ನನ್ನನ್ನೂ ಕರೆದು, "ಇಲ್ಲಿ ಹಿಡ್ಕೋ, ಪೆಟ್ಟಿಗೆ ಸ್ವಲ್ಪ ಒಳಗೆ ತಳ್ತೀನಿ" ಎಂದ. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಬಟ್ಟೆಗಳ ಕೆಳಗಿನಿಂದ, ಅಂಗೈಗೆ ತಾಗುವಂತೆ, ಟಿಕ್ ಟಿಕ್ ಎನ್ನುತ್ತಿತ್ತು. ಐದೂವರೆಗೆ ಇನ್ನೂ ಮೂರು ನಿಮಿಷವಿತ್ತು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಏನಾಗುತ್ತಿತ್ತು? ಸಹಿ ಅಳಿಸಿಹೋಗುತ್ತಿರಲಿಲ್ಲ. ಮುಂದೆ ಇವನು ಬದುಕಿರುವಷ್ಟು ದಿನವೂ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯೂ, ತಾನು ಕೈಯಾರೆ ಏರಿಸಿದ್ದು ಏನನ್ನು ಎಂಬ ಒಂದೇ ವಿಷಯವನ್ನು ಓದಿಕೊಂಡಿರುತ್ತಿದ್ದ. ಬಾಯಿ ಮುಚ್ಚಿದೆ.

ಕಂಡಕ್ಟರು ಸೀಟಿ ಊದಿದ. ಬಸ್ಸು ಸರಿಯಾಗಿ ಐದೂವರೆಗೆ ಹೊರಟಿತು. ಅಣ್ಣ ಅದು ತಿರುವು ದಾಟುವವರೆಗೂ ನಿಂತು ನೋಡಿದ.

ರಾತ್ರಿ ಊಟಕ್ಕೆ ಕುಳಿತಾಗ ಅವನು ಅನ್ನ ಕಲಸುತ್ತ ಕೇಳಿದ, "ಪೆಟ್ಟಿಗೆ ಅಷ್ಟು ಭಾರ ಇತ್ತಲ್ಲ. ಏನಿತ್ತು ಅದರಲ್ಲಿ? ನಿನಗೇನಾದರೂ ಹೇಳಿದಳಾ?"

"ಇಲ್ಲ," ಎಂದೆ.

"ಏನೇ ಆಗಲಿ, ಒಂದು ಹೆಜ್ಜೆಯೂ ಹೊರಿಸಲಿಲ್ಲ ನಾನು." ಅವನು ಗೋಡೆಯ ಕಡೆ ನೋಡಿದ. "ಆ ಮೊಳೆ ಕಿತ್ತುಹಾಕಬೇಕು. ಯಾರಿಗಾದರೂ ತಗುಲುತ್ತೆ."

ಮರುದಿನ ಸೋದರಮಾವ ಬಂದರು, ಮೇಲಿನ ಮನೆಯಾಕೆ ಬಂದರು, ಡಿಪೋದಿಂದ ಇಬ್ಬರು ಬಂದರು. ಎಲ್ಲರೂ ಒಂದೇ ಕೇಳಿದರು: ಕೊನೆಯ ದಿನ ಆಕೆ ಏನಾದರೂ ಹೇಳಿದಳೇ? ಮೇಲಿನ ಮನೆಯಾಕೆ, "ಬಸ್ಸು ನಿಲ್ಲಲ್ಲ ತಾನೆ?" ಎಂದೂ ಕೇಳಿದರು. ಬಸ್ಸು ನಿಲ್ಲುವುದಿಲ್ಲ ಎಂದು ಹೇಳಿದೆ. ಬೇರೇನನ್ನೂ ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ. ಸುತ್ತಿಗೆಯನ್ನು ಮಾತ್ರ ಅಣ್ಣನಿಗೆ ಸಿಗದಂತೆ ನನ್ನ ಬಟ್ಟೆಗಳ ಕೆಳಗೆ ಇಟ್ಟಿದ್ದೇನೆ.